ಬ್ರೇಕು ಹಾಕಿದವರು ಯಾರು?

ರಸ್ತೆಯ ಬದಿಯಲ್ಲಿ ಕೈ ಮಾಡಿ ನಿಂತವರನ್ನು ಕಾಣದವನಂತೆ ಗಾಡಿ ಓಡಿಸಿಕೊಂಡು ಹೋಗುವುದು ಒಂದು ವಿದ್ಯೆ. ಇದನ್ನು ಯಾವ ಡ್ರೈವಿಂಗ್ ಸ್ಕೂಲಿನವರೂ ಕಲಿಸುವುದಿಲ್ಲ. ಲೈಸೆನ್ಸು ಕೊಡುವ ಸಾಹೇಬರೂ ಇದರಲ್ಲಿ ಪರೀಕ್ಷೆ ಮಾಡುವುದಿಲ್ಲ. ಆದರೆ ಮಹಾರಾಷ್ಟ್ರದ ಗಡಿಯೊಳಗಿರುವ ನಮ್ಮ ಜತ್ತ ತಾಲೂಕಿನಲ್ಲಿ ಸ್ವಂತ ಗಾಡಿ ಇಟ್ಟುಕೊಂಡವನಿಗೆ ಗೇರು ಹಾಕುವುದು ಸರಿಯಾಗಿ ಬಾರದಿದ್ದರೂ ನಡೆದೀತು, ಈ ವಿದ್ಯೆ ಬಾರದಿದ್ದರೆ ನಡೆಯುವುದಿಲ್ಲ. ನಮ್ಮೂರು ವಳಸಂಗದಿಂದ ಜತ್ತದವರೆಗೆ ಒಂದೊಂದು ಜಾಲಿಗಿಡದ ನೆರಳಿಗೂ ಒಬ್ಬೊಬ್ಬರು ನಿಂತಿರುತ್ತಾರೆ. ಒಬ್ಬರಿಗೆ ದವಾಖಾನೆ, ಒಬ್ಬರಿಗೆ ತಹಸೀಲು ಕಚೇರಿ, ಒಬ್ಬರಿಗೆ ಮಗಳ ಮನೆ, ಇನ್ನೊಬ್ಬರಿಗೆ ಸುಮ್ಮನೆ ಒಂದು ಕಪ್ಪು ಚಹಾ. ಎಲ್ಲರನ್ನೂ ಹತ್ತಿಸಿಕೊಂಡರೆ ಗಾಡಿ ನಮ್ಮದಾಗಿ ಉಳಿಯುವುದಿಲ್ಲ. ಹಾಗಾಗಿ ದೂರದಲ್ಲಿ ಒಂದು ಕೈ ಮೇಲೆದ್ದದ್ದು ಕಂಡ ಕೂಡಲೇ ನಾನು ಆಚೆ ಬದಿಯ ದಾಳಿಂಬೆ ತೋಟವನ್ನು ಬಹಳ ಕಾಳಜಿಯಿಂದ ನೋಡತೊಡಗುತ್ತೇನೆ. ತೋಟವಿಲ್ಲದ ಕಡೆ ಪವನಚಕ್ಕಿ ಇರುತ್ತದೆ, ಅದು ತಿರುಗುತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸುತ್ತೇನೆ. ಅದೂ ಇಲ್ಲದ ಕಡೆ ನನ್ನ ಕಣ್ಣಿಗೆ ಕಸ ಬೀಳುತ್ತದೆ.

ಇದನ್ನು ಕೇಳಿ ನನ್ನನ್ನು ಕಟುಕ ಎನ್ನಬೇಡಿ. ಇದರಲ್ಲಿ ಎರಡೂ ಕಡೆಯವರ ಮರ್ಯಾದೆ ಅಡಗಿದೆ. ಕಂಡೂ ನಿಲ್ಲಿಸದೆ ಹೋದರೆ ಅದು ಅವಮಾನ. ಕಾಣದೆ ಹೋದರೆ ಏನೂ ಅಲ್ಲ. ನಿಂತವರು, "ಪಾಪ, ನೋಡಲಿಲ್ಲ ಕಾಣ್ತೈತಿ" ಎಂದುಕೊಂಡು ಮುಂದಿನ ಗಾಡಿಗೆ ಕೈ ಮಾಡುತ್ತಾರೆ. ನಾನು ನೋಡಿದ್ದೇನೆಂದು ಅವರಿಗೆ ಗೊತ್ತು, ಅವರಿಗೆ ಗೊತ್ತೆಂದು ನನಗೆ ಗೊತ್ತು, ಆದರೂ ಸಂಜೆ ಇಬ್ಬರೂ ನಗುನಗುತ್ತ ಮಾತಾಡುತ್ತೇವೆ. ಆದರೆ ಒಂದು ಕಟ್ಟುಪಾಡು ಮಾತ್ರ ಬಿಗಿ. ಯಾವ ಕಾರಣಕ್ಕಾದರೂ ಸರಿ, ಗಾಡಿ ಒಮ್ಮೆ ನಿಂತಿತೋ, ಎದುರಿಗಿದ್ದ ಮನುಷ್ಯನನ್ನು ಹತ್ತಿಸಿಕೊಳ್ಳದೆ ಹೊರಡುವಂತಿಲ್ಲ. ಹಾಗೆ ಹೊರಟವನು ಮುಂದೆ ಆ ಮನೆಯ ಮದುವೆಯ ಊಟಕ್ಕೂ ಹೋಗುವಂತಿಲ್ಲ, ಅವರ ಓಣಿಯಲ್ಲಿ ತಲೆಯೆತ್ತಿ ತಿರುಗುವಂತೆಯೂ ಇಲ್ಲ.

ನನ್ನ ಕಷ್ಟವನ್ನೂ ನೀವು ತಿಳಿಯಬೇಕು. ಜತ್ತ ಪೇಟೆಯಲ್ಲಿ ನನ್ನದೊಂದು ಭಾಂಡಿ ಅಂಗಡಿ. ಸ್ಟೀಲು, ಹಿತ್ತಾಳೆ, ಅಲ್ಯುಮಿನಿಯಂ ಎಲ್ಲ ನಮೂನೆಯ ಪಾತ್ರೆಗಳೂ ಸಿಗುತ್ತವೆ. ಬೆಳಗಿನಿಂದ ಸಂಜೆಯವರೆಗೆ ಜನ ಪಾತ್ರೆಗಳನ್ನು ಬೆರಳಿನಿಂದ ಬಾರಿಸಿ ನೋಡುತ್ತಾರೆ. ಮದುವೆಯ ಸೀಸನ್ನಿನಲ್ಲಂತೂ ಒಂದು ಕೊಡ ಕೊಳ್ಳಲು ಎರಡು ಬೀಗರ ಮನೆಯವರು ಬಂದು ಮೂರು ಭಾಷೆಯಲ್ಲಿ ಜಗಳವಾಡುತ್ತಾರೆ, ತೀರ್ಪು ನಾನು ಕೊಡಬೇಕು. ಮನೆಗೆ ಬಂದರೆ ನನ್ನ ಹೆಂಡತಿ ಮಹಾದೇವಿ ಇದ್ದಾಳೆ, ಅಲ್ಲಿ ತೀರ್ಪು ಅವಳದು. ನಡುವೆ ಗಾಡಿಯಲ್ಲಿ ಹೋಗಿಬರುವ ಹೊತ್ತೊಂದೇ ನನ್ನದು. ಆ ಹೊತ್ತನ್ನು ಉಳಿಸಿಕೊಳ್ಳುವುದಕ್ಕಾಗಿಯೇ ನಾನು ಕಾಣದಿರುವ ವಿದ್ಯೆಯನ್ನು ಇಷ್ಟು ಎತ್ತರಕ್ಕೆ ಒಯ್ದದ್ದು. ಅದನ್ನು ಮಣ್ಣುಪಾಲು ಮಾಡಿದ್ದು ನನ್ನ ಹೊಸ ಗಾಡಿ.

ಹಳೆಯ ಗಾಡಿ ಒಂದು ದಿನ ಸಂಖ ಊರಿನ ದಾರಿಯಲ್ಲಿ ನಿಂತದ್ದು ನಿಂತೇ ಬಿಟ್ಟಿತು. ಹೊಸದು ಕೊಳ್ಳಲು ಗಂಡ ಹೆಂಡತಿ ಇಬ್ಬರೂ ಸಾಂಗಲಿಗೆ ಹೋದೆವು. ಶೋರೂಮಿನ ಹುಡುಗಿ ಒಂದು ಗಾಡಿ ತೋರಿಸಿ, ಇದಕ್ಕೆ ಕಣ್ಣಿದೆ, ಮುಂದೆ ಏನಾದರೂ ಅಡ್ಡ ಬಂದರೆ ತಾನೇ ಬ್ರೇಕು ಹಾಕಿಕೊಳ್ಳುತ್ತದೆ, ಗೆರೆ ಬಿಟ್ಟು ಹೋದರೆ ಸ್ಟೇರಿಂಗನ್ನು ತಾನೇ ಎಳೆದುಕೊಳ್ಳುತ್ತದೆ, ಒಟ್ಟಿನಲ್ಲಿ ಅರ್ಧ ನೀವು ಓಡಿಸಿದರೆ ಅರ್ಧ ಅದೇ ಓಡುತ್ತದೆ ಎಂದಳು. ಪೂರ್ತಿ ತಾನೇ ಓಡುವ ಗಾಡಿಗೆ ನಮ್ಮ ದೇಶದಲ್ಲಿ ಇನ್ನೂ ಪರವಾನಗಿ ಇಲ್ಲವಂತೆ. ಮಹಾದೇವಿ ನನ್ನನ್ನು ಒಮ್ಮೆ, ಗಾಡಿಯನ್ನು ಒಮ್ಮೆ ನೋಡಿ, "ಅರ್ಧಾ ಅದ ಓಡಿಸಿದ್ರ ಅಷ್ಟರ ಮಟ್ಟಿಗಿ ಜೀವಕ್ಕ ನೆಮ್ಮದಿ. ಇದನ್ನ ತಗೋರಿ" ಎಂದಳು. ತೀರ್ಪು ಆಯಿತು. ಗಾಡಿ ಮನೆಗೆ ಬಂತು.

ಗಾಡಿಯನ್ನು ಮೊದಲು ನೋಡಲು ಬಂದವನು ದಸ್ತಗೀರ. ಅವನೂ ನಾನೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು. ಈಗ ಅವನು ವಳಸಂಗ-ಜತ್ತ ದಾರಿಯಲ್ಲಿ ವಡಾಪ್ ಓಡಿಸುತ್ತಾನೆ. ಅಂದರೆ, ಜೀಪು ತುಂಬ ಜನರನ್ನು ತುಂಬಿಕೊಂಡು ತಲೆಗಿಷ್ಟು ಬಾಡಿಗೆ ಪಡೆದು ಊರಿಂದೂರಿಗೆ ಮುಟ್ಟಿಸುವ ದಂಧೆ. ಇತರರಂತಲ್ಲದೆ ಪರ್ಮಿಟ್ಟು ತೆಗೆಸಿದ್ದಾನೆ, ಟ್ಯಾಕ್ಸು ಕಟ್ಟುತ್ತಾನೆ, ವಡಾಪ್ ಸಂಘಕ್ಕೆ ಅವನೇ ಅಧ್ಯಕ್ಷ. ದಿನಾ ಮಧ್ಯಾಹ್ನ ಜತ್ತ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ನಮ್ಮಿಬ್ಬರ ಚಹಾ ತಪ್ಪುತ್ತಿರಲಿಲ್ಲ. ಅಲ್ಲಿ ಅವನು ಮರಾಠಿ ಪೇಪರು ಹಿಡಿದು, ಚಾಲಕನಿಲ್ಲದ ಗಾಡಿಗಳ ಬಗ್ಗೆ ದೇಶದೇಶದ ಸರಕಾರಗಳು ತಲೆ ಕೆಡಿಸಿಕೊಂಡಿರುವ ಸುದ್ದಿಯನ್ನು ಗಟ್ಟಿಯಾಗಿ ಓದುವನು. ಅಂಥ ಗಾಡಿ ಯಾರಿಗಾದರೂ ಗುದ್ದಿದರೆ ಜೈಲಿಗೆ ಹೋಗುವವರು ಯಾರು, ಮಾಲೀಕನೋ, ಮಾಡಿದ ಕಂಪನಿಯೋ, ಒಳಗೆ ಕುಳಿತು ನಿದ್ದೆ ಮಾಡುತ್ತಿದ್ದವನೋ ಎಂಬ ಚರ್ಚೆ. "ಅರೇ ಭಾಯ್, ಗಾಡಿ ಕೆಟ್ಟದ್ ಮಾಡಿದ್ರ ಯಾರ ಮ್ಯಾಲ ಕೇಸ್ ಅಂತ ಎಲ್ಲಾರೂ ಕೇಳ್ತಾರ" ಎಂದು ಅವನು ಪೇಪರು ಮಡಚುವನು. ಗಾಡಿ ಒಳ್ಳೆಯದು ಮಾಡಿದರೆ ಯಾರ ಮೇಲೆ ಕೇಸು ಎಂಬುದು ಯಾವ ಸರಕಾರಕ್ಕೂ ಹೊಳೆದಿರಲಿಲ್ಲ. ಅದು ನನ್ನ ಹಣೆಯಲ್ಲಿ ಬರೆದಿತ್ತು.

ಮೊದಲು ಗಾಡಿಗೆ ಅಡ್ಡ ಬಂದದ್ದು ಮಲ್ಲವ್ವ. ಅವಳು ನಮ್ಮೂರಿನ ಮುದುಕಿ, ಹೊಲದಲ್ಲಿ ಬೆಳೆದ ಕಾಯಿಪಲ್ಯ ಬುಟ್ಟಿಯಲ್ಲಿಟ್ಟುಕೊಂಡು ಜತ್ತಕ್ಕೆ ಹೋಗಿ ಮಾರುವವಳು. ಎಷ್ಟೋ ವರ್ಷದಿಂದ ಅವಳು ಕೈ ಮಾಡುತ್ತಿದ್ದಳು, ನಾನು ದಾಳಿಂಬೆ ನೋಡುತ್ತಿದ್ದೆ, ಇಬ್ಬರಿಗೂ ಅಭ್ಯಾಸವಾಗಿತ್ತು. ಆ ದಿನ ರಸ್ತೆಯ ಬದಿಗೆ ಯಾರೋ ಮುಳ್ಳು ಕಡಿದು ಹಾಕಿದ್ದರಿಂದ ಅವಳು ಡಾಂಬರಿನ ಮೇಲೇ ನಿಂತು ಕೈ ಎತ್ತಿದಳು. ನಾನು ವಾಡಿಕೆಯಂತೆ ತೋಟದ ಕಡೆ ತಿರುಗಿದೆ. ಗಾಡಿ ತಿರುಗಲಿಲ್ಲ. ಟೀಂ ಟೀಂ ಎಂದು ಕಿರುಚಿಕೊಂಡು ಗಕ್ಕನೆ ನಿಂತಿತು. ಹಿಂದಿನ ಸೀಟಿನಲ್ಲಿದ್ದ ಸ್ಟೀಲಿನ ಡಬರಿಗಳೆಲ್ಲ ಒಂದರ ಮೇಲೊಂದು ಬಿದ್ದು ಮಂಗಳವಾದ್ಯ ಮೊಳಗಿತು. ಎದುರಿನ ಪರದೆಯಲ್ಲಿ ಹಳದಿ ಬಣ್ಣದ ಮನುಷ್ಯಾಕೃತಿಯೊಂದು ಮೂಡಿ, ನಾನು ಯಾರನ್ನು ಕಾಣುತ್ತಿಲ್ಲವೋ ಅವರನ್ನೇ ತೋರಿಸುತ್ತಿತ್ತು.

ಮಲ್ಲವ್ವ ಬಾಗಿಲು ತೆಗೆದು ಇಣುಕಿದಳು. "ಭಾಳ ಚಲೋ ಮಾಡಿದಿ ತಮ್ಮಾ. ನಿಮ್ಮಪ್ಪ ಒಂದ ದಿನಾನೂ ನಿಂದರಿಸಿದಾಂವಲ್ಲ" ಎಂದಳು.

"ನಾ ನಿಂದರಿಸಿಲ್ಲ ಆಯಿ, ಗಾಡಿನ ನಿಂತೈತಿ" ಎಂದೆ. ನನಗೂ ಸತ್ಯ ಹೇಳುವ ಚಟವಿದೆ.

"ಯಾರ ನಿಂದರಿಸಿದ್ರೇನು, ನಿಂತೈತಿಲ್ಲೊ? ಆ ಡಬರಿ ಆ ಕಡೆ ಸರಿಸು, ಬುಟ್ಟಿ ಇಡತೀನಿ."

ಗಾಡಿ ನಿಂತಾಗಿತ್ತು, ಕಟ್ಟುಪಾಡು ಕಟ್ಟುಪಾಡೇ. ಹತ್ತಿಸಿಕೊಂಡು ಹೋದೆ. ಇಳಿಯುವಾಗ ಅವಳು ನಾಲ್ಕು ಬದನೆಕಾಯಿ ಸೀಟಿನ ಮೇಲಿಟ್ಟು, ಬೇಡವೆಂದರೂ ಕೇಳದೆ ಹೋದಳು. ಆ ದಿನ ಸಂತೆಯಲ್ಲಿ ಅವಳು ಕಾಯಿಪಲ್ಯಕ್ಕಿಂತ ಹೆಚ್ಚಾಗಿ ಈ ಸುದ್ದಿಯನ್ನೇ ಮಾರಿದಳು. ಭಾಂಡಿ ಅಂಗಡಿಯ ಸಾವ್ಕಾರನ ಹೊಸ ಗಾಡಿಯ ಎದುರು, ಬಿಳಿ ಗೆರೆಯ ಒಳಗೆ ನಿಂತು ಕೈ ಎತ್ತಿದರೆ ಸಾಕು, ನಿಲ್ಲುತ್ತದೆ. ಸಂಜೆಯ ಹೊತ್ತಿಗೆ ಅದಕ್ಕೆ ಇನ್ನೊಂದು ರೆಕ್ಕೆ ಸೇರಿತ್ತು: ಇದು ಸರಕಾರದ ಹೊಸ ಕಾಯ್ದೆ, ಇನ್ನು ಮುಂದೆ ಬರುವ ಎಲ್ಲ ಗಾಡಿಗಳೂ ಬಡವರಿಗೆ ನಿಲ್ಲಲೇಬೇಕು, ಅದಕ್ಕಾಗಿಯೇ ಸರಕಾರ ಒಳಗೆ ಮಶೀನು ಕೂರಿಸಿದೆ. ನನ್ನ ಗಾಡಿ ನಿಂತಿದ್ದಕ್ಕೆ ಸರಕಾರಕ್ಕೆ ಒಳ್ಳೆಯ ಹೆಸರು ಬಂತು.

ಮರುದಿನದಿಂದ ನನ್ನ ಏಕಾಂತ ಮುಗಿಯಿತು. ಜಾಲಿಗಿಡದ ನೆರಳಿನಲ್ಲಿದ್ದವರೆಲ್ಲ ಬಿಸಿಲಿಗೆ, ಡಾಂಬರಿಗೆ ಬಂದರು. ಯಾರಿಗಾದರೂ ಪೆಟ್ಟಾದರೆ ಏನು ಗತಿ ಎಂದು ನಾನು ಎತ್ತಿನಗಾಡಿಯ ವೇಗಕ್ಕೆ ಇಳಿದೆ. ಅದರಿಂದ ಅವರಿಗೆ ಇನ್ನೂ ಅನುಕೂಲವಾಯಿತು. ಶೋರೂಮಿಗೆ ಫೋನು ಮಾಡಿ ಆ ಕಣ್ಣನ್ನು ಬಂದ್ ಮಾಡಲು ಬರುತ್ತದೆಯೇ ಎಂದು ಕೇಳಿದೆ. ಬಂದ್ ಮಾಡಬಹುದು, ಆದರೆ ಪ್ರತಿ ಸಲ ಗಾಡಿ ಚಾಲೂ ಮಾಡಿದಾಗ ಅದು ಮತ್ತೆ ತಾನೇ ಎದ್ದು ಕೂರುತ್ತದೆ ಎಂದರು. ಪಕ್ಕದಲ್ಲಿದ್ದ ಮಹಾದೇವಿಗೆ ಇದು ಕೇಳಿಸಿತು. "ಅದನ್ನ ಬಂದ್ ಮಾಡಿದ್ರ ನಾ ಈ ಗಾಡ್ಯಾಗ ಕಾಲಿಡಾಂಗಿಲ್ಲ ನೋಡ್ರಿ. ಮುಂದಿನ ಸೀಟಿನ್ಯಾಗ ಶಾಣ್ಯಾ ಅಂತ ಇರೋದು ಅದೊಂದ" ಎಂದಳು. ಅಲ್ಲಿಗೆ ಆ ಅರ್ಜಿಯೂ ವಜಾ ಆಯಿತು. ಸೀಟಿನ ಮೇಲೆ ಬೀಳುವ ಉಡುಗೊರೆಗಳೂ ಹೆಚ್ಚಿದವು. ಬದನೆಕಾಯಿ, ಮೆಂತೆಸೊಪ್ಪು, ಹಸಿಶೇಂಗಾ, ಒಮ್ಮೆ ಒಂದು ಜೀವಂತ ಕೋಳಿ. ನಮ್ಮದು ಲಿಂಗ ಕಟ್ಟಿದ ಮನೆ, ಕೋಳಿಯನ್ನು ದಸ್ತಗೀರನ ಮನೆಗೆ ಕಳಿಸಿದೆ. ಅದು ವಾಪಸು ಬಂತು.

ಆಗಲೇ ನನಗೆ ಎಚ್ಚರವಾದದ್ದು. ದಸ್ತಗೀರ ಚಹಾಕ್ಕೂ ಬರುತ್ತಿರಲಿಲ್ಲ. ನಾನು ಸ್ಟ್ಯಾಂಡಿಗೆ ಹೋಗಿ ನೋಡಿದರೆ ಅವನು ಖಾಲಿ ಜೀಪಿನಲ್ಲಿ ಕುಳಿತು ಸ್ಟೇರಿಂಗನ್ನು ಒರೆಸುತ್ತಿದ್ದ. "ಶಿವ್ಯಾ, ನಾ ಪರ್ಮಿಟ್ ತಗಿಸೇನಿ, ಟ್ಯಾಕ್ಸ್ ಕಟ್ಟತೀನಿ. ನೀ ಪುಕ್ಕಟ ಮಂದೀನ ತುಂಬಕೊಂಡ್ ನನ್ನ ಹೊಟ್ಟಿ ಮ್ಯಾಲ ಹೊಡ್ಯಾಕತ್ತಿ. ಪುಕ್ಕಟರ ಎಲ್ಲಿ ಐತಿ, ಬದನಿಕಾಯಿ ಬಾಡಿಗಿ ತಗೊಳ್ಳಾಕತ್ತೀ" ಎಂದ. ನಾನು ಬ್ರೇಕಿನ ಕಥೆ ಹೇಳಿದೆ. "ಹಂಗಾರ ಬಾಗಲಾನೂ ಗಾಡಿನ ತಗೀತೈತೇನು?" ಎಂದು ಕೇಳಿ ಮುಖ ತಿರುಗಿಸಿದ. ಅವನಿಗೆ ನಿಜವಾಗಿ ನೋವಾಗಿತ್ತು, ಅದನ್ನು ಕಂಡು ನನಗೂ ಆಯಿತು. ಆದರೆ ನನ್ನ ಗಾಡಿಯ ತಪ್ಪನ್ನು ನಾನು ಹೇಗೆ ತಿದ್ದಲಿ? ಎರಡು ದಿನದಲ್ಲಿ ವಡಾಪ್ ಸಂಘದ ದೂರು ಸಾರಿಗೆ ಇಲಾಖೆಗೆ ಹೋಯಿತು. ಪರವಾನಗಿಯಿಲ್ಲದೆ ವಡಾಪ್ ನಡೆಸುತ್ತಿರುವವನ ಗಾಡಿಯನ್ನು ಜಪ್ತಿ ಮಾಡಬೇಕು. ಮುಂದಿನ ಲೈಸೆನ್ಸು ಕ್ಯಾಂಪಿಗೆ ಸಾರಿಗೆ ಸಾಹೇಬರು ಜತ್ತಕ್ಕೆ ಬಂದಾಗ ಗಾಡಿ ಸಮೇತ ಹಾಜರಾಗು ಎಂದು ನನಗೆ ನಿರೋಪ ಬಂತು.

ಆ ದಿನ ಬೆಳಿಗ್ಗೆ ಕ್ಯಾಂಪಿನ ಮೈದಾನದಲ್ಲಿ ಲೈಸೆನ್ಸಿಗೆ ಬಂದವರಿಗಿಂತ ನನ್ನ ಜಪ್ತಿ ನೋಡಲು ಬಂದವರೇ ಜಾಸ್ತಿ. ನನ್ನ ಅಂಗಡಿಯ ಎದುರಿನ ಬಟ್ಟೆ ವ್ಯಾಪಾರಿಯೂ ಬಾಗಿಲು ಎಳೆದುಕೊಂಡು ಬಂದಿದ್ದ. ಇಡೀ ಪೇಟೆಯ ಎದುರು ನನ್ನ ಗಾಡಿಯನ್ನು ಎಳೆದುಕೊಂಡು ಹೋಗುವ ದೃಶ್ಯವನ್ನು ಊಹಿಸಿಕೊಂಡು ಕೀಲಿಯನ್ನು ಒಳಜೇಬಿಗೆ ಇಳಿಸಿಕೊಂಡೆ. ಸಾಹೇಬರು ಇಸ್ತ್ರಿ ಮಾಡಿದ ಖಾಕಿ ಅಂಗಿಯ ಗಂಭೀರ ಮನುಷ್ಯ, ಮರಾಠಿಯವರು. ವಿಚಾರಣೆ ಎರಡೂ ಭಾಷೆಯಲ್ಲಿ ನಡೆಯಿತು. ಅರ್ಜಿಯ ಮಾತು ಮರಾಠಿಯಲ್ಲಿ, ಜಗಳದ ಮಾತು ಕನ್ನಡದಲ್ಲಿ. ಗಾಡಿ ತಾನೇ ನಿಲ್ಲುತ್ತದೆ, ನಾನು ನಿಲ್ಲಿಸುವುದಿಲ್ಲ ಎಂದು ನಾನು ಹೇಳಿದೆ. ತಾನೇ ಓಡುವ ಗಾಡಿಗೆ ಸರಕಾರದ ನಿಯಮ ಇನ್ನೂ ಬಂದಿಲ್ಲ, ನನ್ನ ಹತ್ತಿರ ಇರುವ ಕಾಯ್ದೆಯಲ್ಲಿ ಚಾಲಕ ಎಂದರೆ ಮನುಷ್ಯ, ಆದ್ದರಿಂದ ನಿಲ್ಲಿಸಿದವನು ನೀನೇ ಎಂದು ಸಾಹೇಬರು ಹೇಳಿದರು. ಆಮೇಲೆ ದಸ್ತಗೀರನ ಕಡೆ ತಿರುಗಿ, ನೀನು ಇವನನ್ನು ಬಲ್ಲೆಯಲ್ಲ, ಇವನು ಬೇಕೆಂದೇ ಗಾಡಿ ನಿಲ್ಲಿಸಿ ಜನರನ್ನು ಹತ್ತಿಸಿಕೊಳ್ಳುತ್ತಾನೆ ತಾನೆ ಎಂದು ಕೇಳಿದರು.

ಒಂದೇ ಒಂದು "ಹೌದು" ಅಂದಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಆದರೆ ದಸ್ತಗೀರನಿಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಸುಳ್ಳ ಹ್ಯಾಂಗ ಹೇಳಲಿ? ಈ ಮನಶ್ಯಾ ತಾನಾಗಿ ನಿಂದರಿಸಿದ್ದನ್ನ ನಾ ಹುಟ್ಟಿದಾಗಿಂದ ನೋಡಿಲ್ಲ. ಸಾಲ್ಯಾಗಿದ್ದಾಗ ಇಂವಗ ಸೈಕಲ್ ಕೊಡಿಸಿದ್ರು. ಯಾರರ ಹಿಂದ ಕುಂತಾರಂತ ಮೊದಲನೇ ದಿನಾನ ಕ್ಯಾರಿಯರ್ ಬಿಚ್ಚಿ ಮನಿಯಾಗ ಇಟ್ಟಾಂವ ಇಂವ" ಎಂದ.

ಮೈದಾನವೆಲ್ಲ ಹೋ ಎಂದು ನಕ್ಕಿತು. ಅದಾದ ಮೇಲೆ ಸಾಕ್ಷಿಗಳಿಗೆ ಬರವೇ ಇರಲಿಲ್ಲ. ಒಬ್ಬನ ಮಳೆಯಲ್ಲಿ ನೆನೆದ ಕಥೆ, ಇನ್ನೊಬ್ಬನ ಜ್ವರದ ಕಥೆ, ಬೀಗರ ಎದುರೇ ನಾನು ಕಣ್ಣುಜ್ಜಿಕೊಂಡು ಹೋದ ಕಥೆ. ಒಬ್ಬೊಬ್ಬರು ಎದ್ದು ನಿಂತು ನನ್ನ ಜಿಪುಣತನವನ್ನು ಹೊಗಳಿದ ಹಾಗೆಲ್ಲ ನನ್ನ ಮುಖ ಅರಳುತ್ತಿತ್ತು. ಪ್ರತಿ ಮಾತೂ ನನ್ನ ಪರವಾಗಿತ್ತು. ಬಟ್ಟೆ ವ್ಯಾಪಾರಿ, "ಎದುರಿನ ಅಂಗಡ್ಯಾಂವ ಅಂತನೂ ನನ್ನ ಹತ್ತಿಸಿಕೊಂಡಿಲ್ರಿ" ಎಂದಾಗ ನಾನು ಅವನಿಗೆ ಕೈಮುಗಿದೆ. ಇಷ್ಟು ಜನ ಒಟ್ಟಾಗಿ ನನ್ನ ಬಗ್ಗೆ ಒಂದೇ ಮಾತು ಹೇಳಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.

ಆದರೆ ಸಾಹೇಬರು ಸುಲಭಕ್ಕೆ ಬಗ್ಗುವವರಲ್ಲ. ಮನುಷ್ಯ ಜಿಪುಣ ಎಂಬುದು ಸಾಬೀತಾಯಿತು, ಗಾಡಿ ಉದಾರಿ ಎಂಬುದು ಆಗಲಿಲ್ಲ, ಅದನ್ನು ನಾನೇ ನೋಡುತ್ತೇನೆ ಎಂದು ಎದ್ದರು. ಕೀಲಿ ಇಸಿದುಕೊಂಡು ತಾವೇ ಸ್ಟೇರಿಂಗಿಗೆ ಕುಳಿತರು. ನಾನು ಪಕ್ಕದಲ್ಲಿ ಕುಳಿತೆ. ವಳಸಂಗದ ದಾರಿಯಲ್ಲಿ ಸ್ವಲ್ಪ ದೂರ ಹೋಗಿ, ಗಾಡಿ ತಿರುಗಿಸಿಕೊಂಡು ಜತ್ತದ ಕಡೆ ಹೊರಟೆವು. ಮೊದಲಿಗೆ ಯಾರೂ ಸಿಗಲಿಲ್ಲ. ನಮ್ಮ ಗಾಡಿ ಜಪ್ತಿಗೆ ಹೋಗಿದೆ ಎಂದು ಎಲ್ಲರೂ ಮೈದಾನದಲ್ಲಿದ್ದರಲ್ಲ. ನಾನು ಬದುಕಿನಲ್ಲಿ ಮೊದಲ ಸಲ, ಯಾರಾದರೂ ಕೈ ಮಾಡಲಪ್ಪಾ ದೇವರೇ ಎಂದು ಬೇಡಿಕೊಂಡೆ. ತಿರುವು ದಾಟಿದ ಕೂಡಲೇ ಬಿಳಿ ಗೆರೆಯ ಒಳಗೆ, ಬುಟ್ಟಿ ಹೊತ್ತುಕೊಂಡು, ಕೈ ಎತ್ತಿ ನಿಂತಿದ್ದಳು ಮಲ್ಲವ್ವ. ಕೋರ್ಟು ಕಚೇರಿಯ ಸುದ್ದಿ ಅವಳಿಗೆ ಮುಟ್ಟಿರಲಿಲ್ಲ. ಸಾಹೇಬರು ವೇಗವನ್ನು ಪೂರಾ ಇಳಿಸಿ, ಬ್ರೇಕಿನ ಮೇಲಿಂದ ಕಾಲನ್ನು ಬೇಕೆಂದೇ ಎತ್ತಿ, ಎರಡೂ ಬೂಟು ನನಗೆ ಕಾಣುವ ಹಾಗೆ ಹಿಂದೆ ಇಟ್ಟುಕೊಂಡರು. ಟೀಂ ಟೀಂ. ಗಾಡಿ ಅವಳಿಂದ ಒಂದು ಮಾರು ದೂರದಲ್ಲಿ ನಿಂತಿತು. ಆ ಸದ್ದು ನನಗೆ ಆ ದಿನ ಶಹನಾಯಿಯಂತೆ ಕೇಳಿಸಿತು.

ಮಲ್ಲವ್ವ ಹಿಂದಿನ ಬಾಗಿಲು ತೆಗೆದು ಕುಳಿತು, ಖಾಕಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. ನಮ್ಮ ಕಡೆ ಬಾಡಿಗೆ ಗಾಡಿ ಓಡಿಸುವವರದೂ ಖಾಕಿಯೇ. "ಡ್ರೈವರ್ ಇಟ್ಟೀಯೇನೋ ತಮ್ಮಾ? ಚಲೋ ಆತು. ನಿನಗಿಂತ ಸಾವಕಾಶ ಹೊಡೀತಾನ" ಎಂದಳು. ಸಾಹೇಬರಿಗೆ ಕನ್ನಡ ಎಷ್ಟು ಅರ್ಥವಾಯಿತೋ, ಅವರು ಮುಖ ಗಂಟಿಕ್ಕಿ ಗಾಡಿ ಬಿಟ್ಟರು. ಮುಂದೆ ಹಾಲಿನ ಕ್ಯಾನಿನವನು ಅಡ್ಡ ನಿಂತಿದ್ದ. ಟೀಂ ಟೀಂ. ಅದರಾಚೆ ಬಾಣಂತಿ ಮಗಳನ್ನು ನೋಡಲು ಹೊರಟ ಗಂಡ ಹೆಂಡತಿ. ಟೀಂ ಟೀಂ. ನಡುವೆ ಒಂದು ಕುರಿಹಿಂಡು ದಾಟಿತು. ಕುರಿಗಳು ಮಾತ್ರ ಹತ್ತಲಿಲ್ಲ. ಬಾಗಿಲು ಹಾಕಿಕೊಂಡು ಹೋಗಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಸಾಹೇಬರನ್ನು ಅದನ್ನೇ ಮೆಲ್ಲಗೆ ಕೇಳಿದೆ. ಅವರು, ಎದುರಿಗೆ ನಿಂತ ಮೇಲೆ ಬಿಟ್ಟು ಹೋಗುವುದು ಹೇಗೆ, ಜನ ಏನೆಂದುಕೊಳ್ಳುತ್ತಾರೆ ಎಂದರು. ನನಗೆ ಆ ಕ್ಷಣ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು, ಆದರೆ ಸೀಟಿನ ಬೆಲ್ಟು ಅಡ್ಡ ಬಂತು.

ಹೀಗೆ ನನ್ನ ಗಾಡಿ ತುಂಬಿದ ವಡಾಪ್ ಆಗಿ ಮೈದಾನಕ್ಕೆ ಪ್ರವೇಶ ಮಾಡಿತು. ಓಡಿಸುತ್ತಿದ್ದವರು ವಡಾಪ್ ಹಿಡಿಯಲು ಬಂದ ಸಾಹೇಬರು. ಜನ ದಾರಿ ಬಿಟ್ಟರು. ಮಲ್ಲವ್ವ ಇಳಿದು, ಮುಂದೆ ಬಂದು, ಕಿಟಕಿಯೊಳಗೆ ಕೈ ಹಾಕಿ ಸಾಹೇಬರ ತೊಡೆಯ ಮೇಲೆ ಬದನೆಕಾಯಿ ಇಟ್ಟಳು. "ತಗೋ ಯಪ್ಪಾ, ಮನೀಗಿ ಒಯ್ಯಿ. ಎಣ್ಣಿಗಾಯಿ ಮಾಡಸ್ಕೊ" ಎಂದಳು. ಸಾಹೇಬರು ಬದನೆಕಾಯಿ ಹಿಡಿದುಕೊಂಡೇ ಕೆಳಗಿಳಿದರು. ಅವರು ಕೈಯಲ್ಲಿದ್ದ ಬದನೆಕಾಯಿ ನೋಡಿದರು, ಗಾಡಿಯಿಂದ ಇಳಿಯುತ್ತಿದ್ದ ಹಾಲಿನ ಕ್ಯಾನು ನೋಡಿದರು, ಕೊನೆಗೆ ದಸ್ತಗೀರನನ್ನು ನೋಡಿ, ಈಗ ಹೇಳು, ವಡಾಪ್ ಮಾಡಿದವರು ಯಾರು ಎಂದು ಕೇಳಿದರು.

ದಸ್ತಗೀರ ಟೋಪಿ ಸರಿಮಾಡಿಕೊಂಡ. "ಗಾಡಿ ಮಾಡೇತ್ರಿ ಸಾಹೇಬ್ರ" ಎಂದ.

ಸಿಳ್ಳೆಯೇನು, ಚಪ್ಪಾಳೆಯೇನು! ಸಾಹೇಬರೂ ಕೊನೆಗೆ ನಕ್ಕರು. ಅಲ್ಲೇ ನಿಂತು ತೀರ್ಪು ಹೇಳಿದರು. ದಿಲ್ಲಿಯಿಂದ ನಿಯಮ ಬರುವತನಕ ಇಲ್ಲಿಯ ನಿಯಮ ಇದು: ಗಾಡಿ ತಾನಾಗಿ ನಿಂತು ಜನ ಹತ್ತಿದರೆ ಚಾಲಕನ ಮೇಲೆ ತಪ್ಪಿಲ್ಲ, ಚಾಲಕನೇ ಕಾಲಿನಿಂದ ಬ್ರೇಕು ಒತ್ತಿ ಹತ್ತಿಸಿಕೊಂಡರೆ ಅದು ವಡಾಪ್, ಗಾಡಿ ಜಪ್ತಿ. ಮತ್ತು ಬದನೆಕಾಯಿಯೇ ಆಗಲಿ, ಮೆಂತೆಸೊಪ್ಪೇ ಆಗಲಿ, ಒಂದು ಎಲೆಯನ್ನೂ ಯಾರೂ ಗಾಡಿಯಲ್ಲಿ ಇಡಕೂಡದು. ದೊಡ್ಡ ದೊಡ್ಡ ದೇಶಗಳು ತಿಣುಕಾಡುತ್ತಿದ್ದ ಪ್ರಶ್ನೆಯನ್ನು ನಮ್ಮ ಜತ್ತದ ಮೈದಾನ ಚಹಾದ ಹೊತ್ತಿಗೆ ಮುಗಿಸಿತು. ಯಾರೋ ಗೊಂಡೆಹೂವಿನ ಹಾರ ತಂದು ನನ್ನ ಕೊರಳಿಗೆ ಹಾಕಿದರು, ಇನ್ನೊಂದು ಹಾರ ಗಾಡಿಗೆ ಹಾಕಿದರು, ಗಾಡಿಯದು ದಪ್ಪವಾಗಿತ್ತು. ಪೇಡೆ ಹಂಚಿದರು. ನಾನು ಹಾರ್ನು ಬಾರಿಸುತ್ತ, ಪೇಟೆಯಲ್ಲಿ ಒಂದು ಸುತ್ತು ಹೆಚ್ಚಿಗೆ ಹೊಡೆದು, ಗೆದ್ದ ಪೈಲವಾನನಂತೆ ಮನೆಗೆ ಬಂದೆ. ಮಹಾದೇವಿ ಎಲ್ಲ ಕೇಳಿ, "ಅಂದ್ರ ನಿಮ್ಮಂಥ ಜಿಪುಣ ತಾಲೂಕಿನ್ಯಾಗ ಇಲ್ಲಂತ ಸಾಬೀತ ಆತು. ಅದಕ್ಕ ಹಾರಾ ಹಾಕಿದ್ರು?" ಎಂದಳು. ಗೆಲುವು ಗೆಲುವೇ ಎಂದು ನಾನು ಹಾರವನ್ನು ಊಟ ಮುಗಿಯುವವರೆಗೂ ತೆಗೆಯಲಿಲ್ಲ.

ಮರುದಿನ ಹೆಮ್ಮೆಯಿಂದ ಗಾಡಿ ಹೊರಡಿಸಿದೆ. ಕಾಯ್ದೆ ನನ್ನ ಕಡೆ ಇತ್ತು, ಇನ್ನು ಯಾರು ಬೇಕಾದರೂ ಅಡ್ಡ ನಿಲ್ಲಲಿ. ಯಾರೂ ನಿಲ್ಲಲಿಲ್ಲ. ಮಲ್ಲವ್ವ ಬದಿಯಲ್ಲೇ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಕಿಟಕಿ ಇಳಿಸಿ ನಿಧಾನಕ್ಕೆ ಹೋಗುತ್ತ, "ಬರಾಂಗಿಲ್ಲೇನ್ ಆಯಿ?" ಎಂದು ಕೂಗಿದೆ. "ಬದನಿಕಾಯಿ ತಗೊಳ್ಳಾಂಗಿಲ್ಲಂತಲ್ಲ ನೀ. ಪುಕ್ಕಟ ಹತ್ತಾಕ ನನಗೇನ್ ಬಂದೈತಿ? ದಸ್ತಗೀರನ ಜೀಪ್ ಬರತೈತಿ, ರೊಕ್ಕಾ ಕೊಟ್ಟ ಕುಂದರತೀನಿ" ಎಂದಳು. ಉಳಿದವರೂ ಹಾಗೆಯೇ. ಯಾರ ಹಂಗಿನಲ್ಲೂ ಇರದ ಜನ ಅವರು. ಒಂದು ಹಿಡಿ ಶೇಂಗಾ ಇಟ್ಟು ಇಳಿಯುವ ಹಕ್ಕು ಹೋದ ಮೇಲೆ ನನ್ನ ಗಾಡಿ ಅವರಿಗೆ ಬೇಡವಾಯಿತು. ದಸ್ತಗೀರನ ಜೀಪು ಮೊದಲಿಗಿಂತ ಹೆಚ್ಚು ತುಂಬಿ, ಬಾಗಿಲಿಗೆ ಜನ ಜೋತುಬಿದ್ದುಕೊಂಡು, ನನ್ನ ಪಕ್ಕದಿಂದಲೇ ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು. ನನಗೆ ಸಂತೋಷವೇ ಆಯಿತು. ಏಕಾಂತ ವಾಪಸು ಬಂದಿತ್ತು. ಆದರೆ ಒಂದು ವಾರದಲ್ಲಿ ಅದು ನನಗೆ ಬೇಸರ ತರಿಸಿತು. ಯಾರ ಮನೆಯಲ್ಲಿ ನಿಶ್ಚಿತಾರ್ಥವಾಯಿತು, ಯಾರ ಬೀಗರು ಮುನಿಸಿಕೊಂಡರು ಎಂಬುದೊಂದೂ ಗೊತ್ತಾಗದೆ ಅಂಗಡಿಗೆ ಯಾವ ಪಾತ್ರೆ ತರಿಸಬೇಕೆಂಬುದೇ ತಿಳಿಯುತ್ತಿರಲಿಲ್ಲ. ದಸ್ತಗೀರನೂ ಚಹಾಕ್ಕೆ ಬಂದಿರಲಿಲ್ಲ. ದೂರು ಕೊಟ್ಟ ನಾಚಿಕೆ ಅವನಿಗೆ, ಗೆದ್ದ ಬಿಗುಮಾನ ನನಗೆ.

ಮೊನ್ನೆ ಮಧ್ಯಾಹ್ನ ಜತ್ತಕ್ಕೆ ಹೋಗುವಾಗ ನೋಡಿದರೆ ಅವನ ಜೀಪು ರಸ್ತೆಯಿಂದ ಕೆಳಗಿಳಿದು ಬಾನೆಟ್ಟು ತೆರೆದುಕೊಂಡು ನಿಂತಿತ್ತು. ಜನರೆಲ್ಲ ಸರಕಾರಿ ಎಸ್‌ಟಿ ಬಸ್ಸು ಹಿಡಿದು ಹೋಗಿದ್ದರು. ಅವನೊಬ್ಬನೇ ಬಿಸಿಲಿನಲ್ಲಿ, ರಸ್ತೆಯಿಂದ ಆಚೆ ನಿಂತಿದ್ದ. ಕೈ ಮಾಡಲಿಲ್ಲ. ಗೆರೆಯ ಒಳಗೆ ಇಲ್ಲದವನು ಗಾಡಿಗೆ ಲೆಕ್ಕಕ್ಕಿಲ್ಲ. ಪರದೆ ಖಾಲಿ, ಟೀಂ ಇಲ್ಲ, ಏನಿಲ್ಲ, ಅದು ಸುಮ್ಮನೆ ಮುಂದಕ್ಕೆ ಹೊರಟಿತ್ತು. ನನ್ನ ಕಾಲು ಮಾತ್ರ ತಾನಾಗಿ ಬ್ರೇಕಿನ ಮೇಲೆ ಬಿತ್ತು. ಗಾಡಿ ನಿಂತಿತು. ಸ್ವಂತ ಬುದ್ಧಿಯಿಂದ, ಸ್ವಂತ ಕಾಲಿನಿಂದ ನಾನು ಇನ್ನೊಬ್ಬರಿಗಾಗಿ ನಿಲ್ಲಿಸಿದ್ದು ಅದೇ ಮೊದಲು. ಒಳಗೆ ಎಂಥದೋ ಹಿಗ್ಗು. ಬಾಗಿಲು ನೂಕಿ, "ಹತ್ತೋ" ಎಂದೆ.

ದಸ್ತಗೀರ ಅಲುಗಲಿಲ್ಲ. "ಬ್ರೇಕ್ ಯಾರ ಹಾಕಿದ್ರು?" ಎಂದು ಕೇಳಿದ.

"ನಾನ ಹಾಕೇನಿ" ಎಂದೆ, ಎದೆಯುಬ್ಬಿಸಿ.

"ಹಂಗಾರ ಅದು ವಡಾಪ್. ಕಾಯ್ದಾ ಮರತಿಯೇನು?"

"ಇಲ್ಲಿ ಯಾರ ನೋಡಾಕತ್ತಾರೋ ಮಾರಾಯಾ!"

"ನಾ ನೋಡಾಕತ್ತೇನಲ್ಲ. ಸಂಘದ ಅಧ್ಯಕ್ಷ ಅದೇನಿ. ಗಾಡಿ ಹಿಂದಕ್ ತಗೋ."

ತಮಾಷೆ ಮಾಡುತ್ತಾನೆಂದುಕೊಂಡರೆ ಅವನ ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ನಾನು ಬಾಗಿಲು ಹಾಕಿಕೊಂಡು, ರಿವರ್ಸು ತೆಗೆದುಕೊಂಡು, ಹಿಂದಿನ ಮೋರಿಯವರೆಗೆ ಹೋದೆ. ದಸ್ತಗೀರ ರಸ್ತೆಗೆ ಬಂದು, ಬಿಳಿ ಗೆರೆಯ ಒಳಗೆ ನಿಂತು, ಅಂಗಿಯ ಗುಂಡಿ ಹಾಕಿಕೊಂಡು, ಕೈ ಎತ್ತಿದ. ನಾನು ಕಾಲನ್ನು ಹಿಂದೆ ಎಳೆದುಕೊಂಡು ಮೆಲ್ಲಗೆ ಬಂದೆ. ಟೀಂ ಟೀಂ. ಗಾಡಿ ನಿಂತಿತು. ಅವನು ಹತ್ತಿ ಕುಳಿತು, ಬೆಲ್ಟು ಹಾಕಿಕೊಂಡು, ಗಾಡಿಯ ಡ್ಯಾಶ್‌ಬೋರ್ಡನ್ನು ಎರಡು ಸಲ ಪ್ರೀತಿಯಿಂದ ತಟ್ಟಿ, "ಮೆಹರ್ಬಾನಿ ಭಾಯ್, ಭಾಳ ದೊಡ್ಡ ಮನಸ್ಸ ಐತಿ ನಿಂದು" ಎಂದ. ನಾನು ನನ್ನ ಕಡೆಗೂ ಒಂದು ಮಾತು ಬಂದೀತೇನೋ ಎಂದು ಜತ್ತ ಸ್ಟ್ಯಾಂಡು ಮುಟ್ಟುವವರೆಗೂ ಕಾದೆ. ಬರಲಿಲ್ಲ. ಚಹಾ ಮಾತ್ರ ಅವನೇ ಕುಡಿಸಿದ. ಕುಡಿಯುತ್ತ ನಾನು, ಮೊದಲು ಬ್ರೇಕು ಹಾಕಿದವನು ನಾನೇ ಅಲ್ಲವೇನೋ ಎಂದು ಬಾಯಿಬಿಡಲಿದ್ದೆ. ಹೋಟೆಲಿನ ತುಂಬ ಜನರಿದ್ದರು, ನನ್ನ ಗಾಡಿ ಎದುರಿಗೇ ನಿಂತಿತ್ತು. ಜಪ್ತಿಯಾದೀತೆಂದು ನೆನಪಾಗಿ ಸುಮ್ಮನೆ ಇನ್ನೊಂದು ಕಪ್ಪು ತರಿಸಿದೆ.